ನೂರು ಮೀಟರಿನ ಮರ್ಯಾದೆ

‘ನನ್ನ ನೆಲದಲ್ಲಿ ನಾನು ಕಟ್ಟಿಕೊಂಡರೆ ಯಾರೇನು ಕೇಳಿಯಾರು?’ ಎಂಬುದು ಸ್ವತ್ತುಳ್ಳ ಪ್ರತಿಯೊಬ್ಬ ಗೃಹಸ್ಥನ ಅಂತರಂಗದ ಮಾತು. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆ. ಆ ಭಾವನೆಯ ಬುಡ ಅಲುಗಿದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ ತಂದೆಯವರು ಕಟ್ಟಿಸಿದ್ದ ಮನೆಯ ಮೇಲೆ ಒಂದು ಅಂತಸ್ತನ್ನು ಏರಿಸಲು ಹೊರಟಾಗ. ಮಗನ ಸಂಸಾರ ಬೆಳೆದಿತ್ತು. ಎರಡು ಕೋಣೆಗಳು ಬೇಕಾಗಿದ್ದವು. ಪರವಾನಗಿಗೆಂದು ಹೋದಲ್ಲಿ ನನ್ನ ಮುಂದಿಟ್ಟ ಮೊದಲ ಪ್ರಶ್ನೆ, “ಸ್ಮಾರಕದಿಂದ ನಿಮ್ಮ ಮನೆ ಎಷ್ಟು ದೂರ?” ಎಂಬುದು.

ಶ್ರೀರಂಗಪಟ್ಟಣದಲ್ಲಿ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಕಷ್ಟ. ಶ್ರೀರಂಗನಾಥನ ದೇವಾಲಯ, ಜಾಮಿಯಾ ಮಸೀದಿ, ಬೇಲಿಯ ಸೆರೆಮನೆ, ಕೋಟೆಯಾಚೆಗೆ ದರಿಯಾ ದೌಲತ್, ಗುಂಬಜ್ ಇವೆಲ್ಲ ಕೇಂದ್ರ ಸರ್ಕಾರದ ಸಂರಕ್ಷಣೆಗೆ ಒಳಪಟ್ಟವು. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರಿನವರೆಗೆ ನಿಷೇಧಿತ ವಲಯ. ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ವಲಯ. ಅಳತೆ ಮಾಡಬೇಕಾದದ್ದು ಗೋಪುರದ ಬುಡದಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ. ಇದನ್ನರಿಯದೆ ಮೋಸಹೋದವರು ನಮ್ಮ ಬೀದಿಯಲ್ಲೇ ಇದ್ದಾರೆ. ನಿಯಂತ್ರಿತ ವಲಯದಲ್ಲಿ ಅನುಮತಿ ಪಡೆದು ಕಟ್ಟಬಹುದು. ನಿಷೇಧಿತ ವಲಯದಲ್ಲಿ ಖಾಸಗಿಯವರು ಹೊಸದಾಗಿ ಕಟ್ಟುವಂತಿಲ್ಲ. ಇರುವ ಮನೆಯನ್ನು ಅಗಲಿಸುವುದು, ಎತ್ತರಿಸುವುದು ಕೂಡ ‘ಕಟ್ಟಡ’ವೆಂದೇ ಪರಿಗಣಿತವಾಗುತ್ತದೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯಾದರೆ ದುರಸ್ತಿಗೂ ನವೀಕರಣಕ್ಕೂ ಅರ್ಜಿ ಹಾಕಬಹುದು. ಅಪ್ಪಣೆಯಿಲ್ಲದೆ ಕಟ್ಟಿದವನಿಗೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ಮನೆಗೆ ಬಂದು ಟೇಪು ಹಿಡಿದು ಅಳೆಸಿದೆ. 100 ಮೀಟರಿನ ಒಳಗೇ ಇತ್ತು.

ಮೇಸ್ತ್ರಿ ನಕ್ಕ. “ನೀವು ಯಾಕೆ ತಲೆ ಕೆಡಿಸ್ಕೊತೀರಿ ಸ್ವಾಮಿ? ಶನಿವಾರ ಸೆಂಟ್ರಿಂಗ್ ಕಟ್ಟಿ ಭಾನುವಾರ ಮೋಲ್ಡ್ ಹಾಕ್ಬಿಟ್ರೆ ಸೋಮವಾರ ಯಾರು ಬಂದು ಏನ್ ಮಾಡ್ತಾರೆ?” ಎಂದ. ಆ ರಾತ್ರಿ ನಾನು ನಿದ್ರಿಸಲಿಲ್ಲ. ಸತ್ಯವನ್ನೇ ಹೇಳುವುದಾದರೆ, ನನ್ನನ್ನು ಕಾಡಿದ್ದು ಧರ್ಮಾಧರ್ಮದ ವಿವೇಚನೆಯಲ್ಲ; ಸಿಕ್ಕಿಬಿದ್ದರೆ ಏನು ಗತಿ ಎಂಬ ಭಯ ಮಾತ್ರ. ಮೇಸ್ತ್ರಿಗೆ ಮುಂಗಡ ಕೊಡುವುದೆಂದು ಬೆಳಗಿನ ಹೊತ್ತಿಗೆ ನಿಶ್ಚಯಿಸಿಯೂ ಬಿಟ್ಟಿದ್ದೆ.

ಅದೇ ದಿನ ಕೆ.ಆರ್. ಪೇಟೆಯಿಂದ ನನ್ನ ತಂಗಿ ಬಂದಳು. ಅವಳೂ ಭಾವನೂ ಒಡವೆ ಮಾರಿ ಊರ ಹೊರಗೆ ಒಂದು ನಿವೇಶನ ಕೊಂಡಿದ್ದರು. ಮಾರಿದವನು ಹೊಲಕ್ಕೆ ಕಲ್ಲು ನೆಟ್ಟು, ನಡುವೆ ದಾರಿ ಬಿಟ್ಟು, ‘ಬಡಾವಣೆ’ ಎಂದು ಹೆಸರಿಟ್ಟಿದ್ದ. 1964ರ ಭೂ ಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ವ್ಯವಸಾಯದ ಭೂಮಿಯನ್ನು ವಾಸಕ್ಕೆ ಪರಿವರ್ತಿಸಿಕೊಂಡಿರಲಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಪ್ರಕಾರ ಬಡಾವಣೆಯ ನಕ್ಷೆಗೆ ಅನುಮೋದನೆಯೂ ಇರಲಿಲ್ಲ. ಕ್ರಯಪತ್ರವನ್ನು ಕಂಡು ಇವರು ನಂಬಿದರು. ಬ್ಯಾಂಕು ಸಾಲ ಕೊಡಲಿಲ್ಲ; ಪಂಚಾಯಿತಿಯಲ್ಲಿ ಪರವಾನಗಿ ಸಿಗಲಿಲ್ಲ. ಪಹಣಿಯಲ್ಲಿ ಅದು ಇನ್ನೂ ಹೊಲವಾಗಿಯೇ ಇತ್ತು.

“ಅವನಿಗೆ ಎಲ್ಲ ಗೊತ್ತಿತ್ತು ಅಣ್ಣ. ಗೊತ್ತಿದ್ದೂ ಹೇಳಲಿಲ್ಲ” ಎಂದು ಕಣ್ಣೊರೆಸಿಕೊಂಡಳು.

ಆ ಮಾತು ಅವಳ ಬಾಯಿಂದ ಬಂದಿತಾದರೂ ತಗುಲಿದ್ದು ನನಗೆ. ಕದ್ದು ಎಬ್ಬಿಸಿದ ಅಂತಸ್ತನ್ನು ನಾಳೆ ನಾನೋ ನನ್ನ ಮಗನೋ ಯಾರಿಗಾದರೂ ಮಾರಿದರೆ, ಕೊಂಡವನ ಮನೆಯಲ್ಲಿಯೂ ಒಬ್ಬಳು ಹೀಗೆಯೇ ಕಣ್ಣೊರೆಸಿಕೊಳ್ಳುವಳಲ್ಲವೆ? ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ವಿರುದ್ಧರಾಜ್ಯಾತಿಕ್ರಮವನ್ನೂ ಸೇರಿಸಿದೆ. ರಾಜ್ಯದ ಕಟ್ಟಳೆಯನ್ನು ಮೀರುವುದು ಕಳ್ಳತನದ ಸಾಲಿಗೆ ಏಕೆ ಸೇರಬೇಕೆಂದು ನಾನು ಹಿಂದೆ ಸೋಜಿಗಪಟ್ಟದ್ದುಂಟು. ಕಳುವಾಗುವುದು ವಸ್ತುವೊಂದೇ ಅಲ್ಲ, ಇನ್ನೊಬ್ಬನ ನಂಬಿಕೆಯೂ ಹೌದು ಎಂಬುದು ಅಂದು ಹೊಳೆಯಿತು.

ಮೇಸ್ತ್ರಿಗೆ ಬೇಡವೆಂದು ಹೇಳಿ ಕಳುಹಿಸಿದೆ. ಆದರೂ ಮನಸ್ಸಿನ ಕಹಿ ಹೋಗಿರಲಿಲ್ಲ. ಕೆಲವು ದಿನಗಳ ತರುವಾಯ ಸಂಸಾರಸಮೇತ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಹೋಗಿದ್ದೆವು. ಅಲ್ಲಿಯ ಪಂಚಕೂಟ ಬಸದಿಯೂ ಇದೇ ಕಾನೂನಿನ ಆಶ್ರಯದಲ್ಲಿದೆ. ಬಸದಿಯ ಮುಂದೆ ಆಕಾಶಕ್ಕೆ ನಿಂತ ಬ್ರಹ್ಮದೇವ ಸ್ತಂಭವನ್ನು ನೋಡುತ್ತ, “ಇದರ ಪಕ್ಕದಲ್ಲಿ ಯಾರಾದರೂ ಮೂರಂತಸ್ತಿನ ಮನೆ ಎಬ್ಬಿಸಿದರೆ ಹೇಗೆ?” ಎಂದು ಮಗ ಕೇಳಿದ. “ಬಿಡಲಾದೀತೆ!” ಎಂದು ನಾನು ತಟ್ಟನೆ ನುಡಿದೆ. ನುಡಿದ ಮರುಕ್ಷಣವೇ ನಾಚಿಕೆಯಾಯಿತು. ನಮಗೆ ಪೂಜ್ಯವಾದುದರ ಸುತ್ತ ಎಲ್ಲೆ ಇರಬೇಕು. ನಮ್ಮ ಮನೆ ಮಾತ್ರ ಆ ಎಲ್ಲೆಯೊಳಗೆ ಬರಕೂಡದು!

ಇಂತಹ ಎಲ್ಲೆಗಳು ಗುಡಿಗೋಪುರಗಳಿಗೆ ಮಾತ್ರ ಮೀಸಲಲ್ಲ. ಪಾಂಡವಪುರದ ಕಡೆ ಬೇಬಿ ಬೆಟ್ಟದ ಕಲ್ಲುಗಣಿಗಳ ಸಿಡಿತದಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವೆಂಬ ಆತಂಕ ಬಹುಕಾಲದ್ದು. 2024ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಕಟ್ಟೆಯ ಸುತ್ತ 20 ಕಿಲೋಮೀಟರು ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿಯಿತು. ಅಲ್ಲಿಯೂ ‘ನನ್ನ ನೆಲ, ನನ್ನ ಕಲ್ಲು’ ಎಂದವರಿದ್ದರು. ಆದರೆ ಕಟ್ಟೆಯ ನೀರನ್ನು ನಂಬಿದವರು ಲಕ್ಷಾಂತರ ಮಂದಿ.

ಆದುದರಿಂದ ನೆಲ ಕೊಳ್ಳುವವರಲ್ಲಿಯೂ ಕಟ್ಟುವವರಲ್ಲಿಯೂ ನನ್ನದೊಂದು ವಿನಂತಿ. ಹಣ ಕೊಡುವ ಮುನ್ನ ಪಹಣಿಯನ್ನು ನೋಡಿರಿ. ವ್ಯವಸಾಯದ ಭೂಮಿಯಾಗಿದ್ದರೆ ಪರಿವರ್ತನೆಯ ಆದೇಶವನ್ನು ಕೇಳಿರಿ. ಬಡಾವಣೆಯಾದರೆ ಅನುಮೋದಿತ ನಕ್ಷೆಯನ್ನು ಕೇಳಿರಿ. ಹತ್ತಿರದಲ್ಲಿ ಸಂರಕ್ಷಿತ ಸ್ಮಾರಕವಿದ್ದರೆ ದೂರವನ್ನು ಅಳೆಸಿರಿ. ಕ್ರಯಪತ್ರ ನೋಂದಣಿಯಾದ ಮಾತ್ರಕ್ಕೆ ಕಟ್ಟುವ ಹಕ್ಕು ಬಂದಿತೆಂದು ತಿಳಿಯಬೇಡಿರಿ. ಮಾರುವವರಾದರೆ, ಕೇಳದಿದ್ದರೂ ಹೇಳಿರಿ.

ನಾನು ದುರಸ್ತಿಗೆ ಮಾತ್ರ ಅರ್ಜಿ ಹಾಕಿದೆ. ಸಕ್ಷಮ ಪ್ರಾಧಿಕಾರಿಯು ಅರ್ಜಿಯನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಲು 15 ದಿನ, ಪ್ರಾಧಿಕಾರವು ಅಭಿಪ್ರಾಯ ತಿಳಿಸಲು ಎರಡು ತಿಂಗಳು, ಆಮೇಲೆ ಆದೇಶಕ್ಕೆ ಒಂದು ತಿಂಗಳು ಎಂದು ಕಾನೂನು ಗೊತ್ತುಪಡಿಸಿದೆ. ಅನುಮತಿ ಬಂದಿತು, ಸೋರುತ್ತಿದ್ದ ತಾರಸಿ ಸರಿಯಾಯಿತು. ಮಗ ಪಾಂಡವಪುರದಲ್ಲಿ ಬಾಡಿಗೆ ಮನೆ ಹಿಡಿದ. ಮನೆಯಲ್ಲಿ ಈಗ ನಾನೂ ನನ್ನ ಮಡದಿಯೂ ಇಬ್ಬರೇ.

ಕಳೆದ ವರ್ಷ ಒಬ್ಬರು ಒಳ್ಳೆಯ ಬೆಲೆಗೆ ಮನೆಯನ್ನು ಕೇಳಿಕೊಂಡು ಬಂದರು. ಕೆಡವಿ ವಸತಿಗೃಹ ಕಟ್ಟುವುದು ಅವರ ಉದ್ದೇಶವಾಗಿತ್ತು. ಕಾಗದಗಳನ್ನೆಲ್ಲ ಮುಂದಿಟ್ಟು ನೂರು ಮೀಟರಿನ ಸಂಗತಿಯನ್ನು ಹೇಳಿದೆ. ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹೊಸಲಿನಾಚೆ ಹೋದವರು ತಿರುಗಿ ನಿಂತು, “ಹೇಳಿದ್ದು ಒಳ್ಳೆಯದಾಯಿತು, ಯಜಮಾನರೇ” ಎಂದರು. ಮನೆ ಇಂದಿಗೂ ಮಾರಾಟವಾಗಿಲ್ಲ.