ಅಜ್ಜಿಯ ಬಿಳಿ ಜಂಪರ್

ಧಾರವಾಡದ ಮನೆ ಮಾರಿದ ಮೇಲೆ ಅಮ್ಮ ನಾಸಿಕ್ ರೋಡಿಗೆ ತಂದದ್ದು ಎರಡು ಸೂಟ್‌ಕೇಸ್ ಮತ್ತು ಅಜ್ಜಿಯ ತಗಡಿನ ಟ್ರಂಕು. ನಮ್ಮ ಫ್ಲ್ಯಾಟಿನಲ್ಲಿ ಜಾಗವಿಲ್ಲದೆ ಟ್ರಂಕು ಆರು ತಿಂಗಳು ಬಾಲ್ಕನಿಯಲ್ಲೇ ಇತ್ತು. ಮಳೆಗಾಲಕ್ಕೆ ಮುಂಚೆ ಒಂದು ಶನಿವಾರ ತೆರೆದೆವು. ತಳದಲ್ಲಿ, ಹಳೇ ಧೋತರದ ತುಂಡಿನಲ್ಲಿ ಸುತ್ತಿಟ್ಟ ಬಿಳಿ ಜಂಪರ್ ಸಿಕ್ಕಿತು.

ತೆಳು ಹತ್ತಿ ಬಟ್ಟೆ, ಮೊಳಕೈವರೆಗಿನ ತೋಳು. ಕೊರಳಿಗೂ ತೋಳಿನ ಅಂಚಿಗೂ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಎರಡು ಬೆರಳಗಲದ ಲೇಸು. ಮುಂದೆ ಕಬ್ಬಿಣದ ಹುಕ್ಕುಗಳು, ಸುತ್ತ ತುಕ್ಕಿನ ಕಲೆ. ಬಟ್ಟೆ ಹಳದಿಗಟ್ಟಿತ್ತು. ಆದರೆ ಕಂಕುಳಲ್ಲಿ ಬೆವರಿನ ಗುರುತೇ ಇರಲಿಲ್ಲ.

"ಅಜ್ಜಿ ಇದನ್ನ ಹಾಕ್ಕೊಂಡೇ ಇಲ್ಲೇನು?" ಅಂದೆ.

"ಒಂದೆರಡು ಸಲ ಹಾಕ್ಕೊಂಡಿರಬೇಕು. ಆಮ್ಯಾಲೆ ಅಪ್ಪ ಹೋದ್ರಲ್ಲ," ಅಂದಳು ಅಮ್ಮ.

ಅಜ್ಜ ತೀರಿಕೊಂಡದ್ದು 1957ರಲ್ಲಿ. ಆಗ ಅಜ್ಜಿಗೆ 27, ಅಮ್ಮನಿಗೆ 2. ನಮ್ಮಂಥ ಮಡಿವಂತ ಬ್ರಾಹ್ಮಣರ ಮನೆಗಳಲ್ಲಿ ಗಂಡ ಸತ್ತವಳ ಕೂದಲು ತೆಗೆಸುತ್ತಿದ್ದರು. ಕುಂಕುಮ, ಬಳೆಗಳ ಜೊತೆಗೆ ರವಿಕೆಯೂ ಹೋಗುತ್ತಿತ್ತು. ನಾನು ಕಂಡ ಅಜ್ಜಿ ಕೆಂಪು ಸೀರೆಯ ಸೆರಗನ್ನು ಎರಡೂ ಭುಜಕ್ಕೆ ಬಿಗಿಯಾಗಿ ಹೊದ್ದವಳು. ಚಿಕ್ಕವಳಿದ್ದಾಗ ಒಮ್ಮೆ, "ಅಜ್ಜಿ, ನಿನ್ನ ಹತ್ರ ಜಂಪರ್ ಇಲ್ಲೇನು?" ಎಂದು ಕೇಳಿದ್ದೆ. "ಅದವಾ, ಟ್ರಂಕಿನ್ಯಾಗ ಅದ," ಎಂದು ನಕ್ಕಿದ್ದಳು. ತಮಾಷೆ ಅಂದುಕೊಂಡಿದ್ದೆ.

ನಮ್ಮ ಕಡೆ ಖಣದ ಕುಬಸ ಹಳೆಯದು. ಉದ್ದ ತೋಳು, ಲೇಸು ಮಾತ್ರ ಬ್ರಿಟಿಷರ ಕಾಲದಲ್ಲಿ ಬಂದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕೆಲವೇ ವರ್ಷಗಳಲ್ಲಿ ಧಾರವಾಡಕ್ಕೂ ಬಂತು. ಅಂಥ ಮಿಷನ್ ಶಾಲೆಗಳಲ್ಲಿ ಹುಡುಗಿಯರಿಗೆ ಅಕ್ಷರದ ಜೊತೆ ಹೊಲಿಗೆಯೂ ಪಾಠವಾಗಿತ್ತು. ಮುಂದೆ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಟಾಗೋರರ ಹೆಂಡತಿ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಮುಂಬಯಿಯ ಪಾರ್ಸಿ ಹೆಂಗಸರನ್ನು ನೋಡಿ ಸೀರೆ, ಜಾಕೀಟಿನ ಹೊಸ ರೀತಿಯನ್ನು ಬಂಗಾಳಕ್ಕೆ ಒಯ್ದರು. ಹೆಂಗಸು ಮನೆಯಿಂದಾಚೆ ನಾಲ್ಕು ಜನರ ನಡುವೆ ಹೋಗಲಿ ಎಂದು ಬಂದ ಉಡುಪು ಅದು. ಅದೇ ಉಡುಪನ್ನು ಕಿತ್ತುಕೊಂಡು ಅಜ್ಜಿಯನ್ನು ಅಡುಗೆಮನೆಯಲ್ಲಿ ಕೂರಿಸಿದರು.

ಇಷ್ಟೆಲ್ಲ ಗೊತ್ತಿದ್ದೂ ನಾನೊಂದು ದಡ್ಡತನ ಮಾಡಿದೆ. ಕಲೆ ಹೋಗಲೆಂದು ಒಂದು ತೋಳನ್ನು ಬ್ಲೀಚ್ ಹಾಕಿದ ನೀರಿನಲ್ಲಿ ನೆನೆಸಿಟ್ಟೆ. ಹಿಂಡುವಾಗ ಲೇಸು ಕೈಯಲ್ಲೇ ಬಿಟ್ಟುಕೊಂಡಿತು. ಕ್ಲೋರಿನ್ ಹಳೇ ಹತ್ತಿಯ ಎಳೆಯನ್ನೇ ತಿನ್ನುತ್ತದೆ. ತುಕ್ಕಿನ ಕಲೆಯನ್ನಂತೂ ಇನ್ನಷ್ಟು ಗಟ್ಟಿ ಮಾಡುತ್ತದೆ. ಎಪ್ಪತ್ತು ವರ್ಷ ಟ್ರಂಕಿನಲ್ಲಿ ಉಳಿದದ್ದು ನನ್ನ ಕೈಯಲ್ಲಿ ಅರ್ಧ ಗಂಟೆ ಉಳಿಯಲಿಲ್ಲ. ಅಮ್ಮ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಪಕ್ಕದ ಮನೆಯ ಮರಾಠಿ ಕಾಕೂಗೆ ತೋರಿಸಿದೆ. ಅವರು ಹುಕ್ಕುಗಳನ್ನು ಬಿಚ್ಚಿಸಿದರು. ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಸಿದರು. ಉಳಿದದ್ದನ್ನು ಅಂಟುವಾಳದ ನೀರಿನಲ್ಲಿ ಅದ್ದಿ, ಹಿಂಡದೆ, ಟವೆಲಿನ ಮೇಲೆ ಹರಡಿ ನೆರಳಲ್ಲಿ ಒಣಗಿಸಿದೆವು. ಕಲೆ ಪೂರ್ತಿ ಹೋಗಲಿಲ್ಲ, ತಿಳಿಯಾಯಿತು. ಹರಿದ ಲೇಸನ್ನು ಕಾಕೂ ತೆಳು ದಾರದಲ್ಲಿ ಹೊಸದಾಗಿ ಹೆಣೆದುಕೊಟ್ಟರು. ಹೊಸ ಬಿಳಿ, ಹಳೇ ಬಿಳಿ ಬೇರೆ ಬೇರೆಯಾಗಿ ಕಾಣುತ್ತವೆ. ಚಹಾದ ನೀರಿನಲ್ಲಿ ಅದ್ದಿದರೆ ಬಣ್ಣ ಹೊಂದುತ್ತದೆ ಎಂದರು. ಅಮ್ಮ ಬೇಡವೆಂದಳು.

ಅಪ್ಪ ಹೋಗಿ ಮೂರು ವರ್ಷವಾಯಿತು. ಅಮ್ಮನಿಗೆ ಯಾರೂ ಏನೂ ಬಿಡಿಸಲಿಲ್ಲ. ಆದರೂ ಅವಳು ತಾನಾಗಿಯೇ ಬೂದು, ಮಣ್ಣಿನ ಬಣ್ಣಗಳಿಗೆ ಇಳಿದಿದ್ದಳು. ನಾನೂ ಅದನ್ನು ಗಮನಿಸದವಳಂತೆ ಇದ್ದೆ. ಜಂಪರನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿಡುವಾಗ ಧೈರ್ಯ ಮಾಡಿ ಕೇಳಿದೆ: "ಅಮ್ಮ, ಇದೇ ಅಳತಿಗೆ ನಿನಗೊಂದು ಹೊಲಿಸೋಣೇನು? ಬಿಳೀದು, ಲೇಸು ಹಚ್ಚಿ?"

ಅಮ್ಮ ಸ್ವಲ್ಪ ಹೊತ್ತು ತೋಳಿನ ಅಂಚನ್ನು ಸವರುತ್ತ ಕೂತಳು.

"ಬಿಳೀದು ಅವ್ವಂದು. ಅದು ಅಕಿಗೇ ಇರಲಿ," ಅಂದಳು. "ನನಗ ಗುಳೇದಗುಡ್ಡದ ಖಣ ತರಸು. ಹಸರು. ಅಂಚು ಕೆಂಪಿರಲಿ."