ಹನಕೆರೆಯ ಕಬ್ಬು, ಷಾಂಪೇನಿನ ಗುಳ್ಳೆ

ವಡೆಗೆ ಹೆಸರಾದ ಮದ್ದೂರನ್ನು ಬಿಟ್ಟ ರೈಲು ಮಂಡ್ಯ ಮುಟ್ಟುವ ಮೊದಲು ಹನಕೆರೆ ಎಂಬ ಪುಟ್ಟ ನಿಲ್ದಾಣವನ್ನು ಹಾಯುತ್ತದೆ. ಇದು ವಿಶ್ವೇಶ್ವರಯ್ಯ ನಾಲೆಯ ಸೀಮೆ. ನಾಲೆಯ ನೀರಿನ ಬೆನ್ನಿಗೇ ಕಬ್ಬು ಬಂತು, ಕಬ್ಬಿನ ಬೆನ್ನಿಗೆ 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಬಂತು. ಕಾರ್ಖಾನೆಗೆ ಹೋಗದ ಕಬ್ಬು ಈ ಸೀಮೆಯ ಆಲೆಮನೆಗಳಿಗೆ ಹೋಗುತ್ತದೆ.

ಆಲೆಮನೆಯಲ್ಲಿ ಗಾಣದಿಂದ ಇಳಿದ ಕಬ್ಬಿನ ಹಾಲನ್ನು ಕಾಯಿಸುವುದಕ್ಕೆ ತಡಮಾಡುವಂತಿಲ್ಲ. ಬಿಸಿಲಲ್ಲಿ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಹುಳಿ ವಾಸನೆ ಬರುತ್ತದೆ, ಮೇಲೆ ಸಣ್ಣ ಗುಳ್ಳೆ ಏಳುತ್ತದೆ. ಅಂಥ ಹಾಲಿನ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗದು. ಆ ಗುಳ್ಳೆಗಳಿಗೆ ಮುಖ್ಯ ಕಾರಣ ಯೀಸ್ಟ್ ಎಂಬ ಸೂಕ್ಷ್ಮಜೀವಿ. ಅದು ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಮಾಡುತ್ತದೆ. ಬೆಲ್ಲ ಮಾಡುವವನಿಗೆ ನಷ್ಟ ತರುವ ಈ ಜೀವಿಯೇ ಫ್ರಾನ್ಸಿನ ಷಾಂಪೇನ್ ಪ್ರಾಂತ್ಯಕ್ಕೆ ಅನ್ನ ಕೊಟ್ಟಿದೆ!

ಅಲ್ಲಿ ಒಮ್ಮೆ ಹುದುಗಿದ ದ್ರಾಕ್ಷಿಯ ವೈನಿಗೆ ಮತ್ತೆ ಸ್ವಲ್ಪ ಸಕ್ಕರೆ, ಸ್ವಲ್ಪ ಯೀಸ್ಟ್ ಸೇರಿಸಿ, ದಪ್ಪ ಗಾಜಿನ ಶೀಷೆಯಲ್ಲಿ ತುಂಬಿ ಬಿಗಿಯಾಗಿ ಮುಚ್ಚುತ್ತಾರೆ. ತಂಪಾದ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿಸುತ್ತಾರೆ. ಗೋಲಿ ಸೋಡಾಕ್ಕೆ ಅನಿಲವನ್ನು ಹೊರಗಿನಿಂದ ತುಂಬುತ್ತಾರೆ, ಇಲ್ಲಿ ಅದು ಒಳಗೇ ಹುಟ್ಟುತ್ತದೆ. ಹೊರಗೆ ಹೋಗಲು ದಾರಿಯಿಲ್ಲದೆ ದ್ರವದಲ್ಲೇ ಕರಗುತ್ತದೆ. ಆಮೇಲೆ ಶೀಷೆಯನ್ನು ದಿನವೂ ತುಸು ತಿರುಗಿಸುತ್ತ ತಲೆಕೆಳಗು ಮಾಡಿ, ಸತ್ತ ಯೀಸ್ಟಿನ ಗಸಿಯನ್ನು ಕತ್ತಿಗೆ ಇಳಿಸುತ್ತಾರೆ. ಕತ್ತನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಸಿ ಮಂಜಿನ ಬಿರಡೆಯಾಗಿ ತಾನೇ ಹಾರುತ್ತದೆ.

ಇದರಲ್ಲಿ ಕಬ್ಬಿನ ಪಾಲು ಸಣ್ಣದಲ್ಲ. ಇಂಗ್ಲೆಂಡಿನ ವ್ಯಾಪಾರಿಗಳು ವೈನಿಗೆ ಸಕ್ಕರೆ, ಕಾಕಂಬಿ ಬೆರೆಸಿ ನೊರೆಯುಕ್ಕಿಸುತ್ತಿದ್ದರೆಂದು ಕ್ರಿಸ್ಟೋಫರ್ ಮೆರೆಟ್ ಎಂಬ ವಿಜ್ಞಾನಿ 1662ರಲ್ಲೇ ರಾಯಲ್ ಸೊಸೈಟಿಗೆ ತಿಳಿಸಿದ್ದ. ಬೀಟ್ ಸಕ್ಕರೆಯ ಕಾರ್ಖಾನೆಗಳು ಬರುವುದಕ್ಕೆ ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಬಾಕಿಯಿತ್ತು. ಹಾಗಾಗಿ ಅದು ಕಬ್ಬಿನ ಸಕ್ಕರೆಯೇ. ನಮ್ಮ ದೇಶದಲ್ಲೂ 1980ರ ದಶಕದಲ್ಲಿ ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ 'ಒಮರ್ ಖಯ್ಯಾಮ್' ಎಂಬ ನೊರೆವೈನನ್ನು ಇದೇ ವಿಧಾನದಲ್ಲಿ ಮಾಡಿ ಹೊರದೇಶಕ್ಕೂ ಕಳಿಸಿದರು.

ಆದರೆ ಸಕ್ಕರೆ ಎಷ್ಟು ಹಾಕಬೇಕು? ಬಹುಕಾಲ ಇದು ಬರೀ ಅಂದಾಜಾಗಿತ್ತು. ತುಸು ಹೆಚ್ಚಾದರೆ ಶೀಷೆ ಸಿಡಿಯುತ್ತಿತ್ತು, ಅದರ ಚೂರು ಪಕ್ಕದ್ದನ್ನೂ ಒಡೆಯುತ್ತಿತ್ತು. ಕೆಲಸಗಾರರು ಕಬ್ಬಿಣದ ಮುಖವಾಡ ತೊಟ್ಟು ಮಾಳಿಗೆಗೆ ಇಳಿಯಬೇಕಾಗಿತ್ತು. 1830ರ ದಶಕದಲ್ಲಿ ಫ್ರಾನ್ಸುವಾ ಎಂಬ ಔಷಧ ವ್ಯಾಪಾರಿ ವೈನಿನಲ್ಲಿ ಉಳಿದ ಸಕ್ಕರೆಯನ್ನು ಮೊದಲು ಅಳೆದು, ಬೇಕಾದಷ್ಟನ್ನೇ ಸೇರಿಸುವ ಲೆಕ್ಕ ಕೊಟ್ಟ. ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆಗೆ ವಾಯುಮಂಡಲದ 6 ಪಟ್ಟು ಒತ್ತಡ, ಅಂದರೆ ಕಾರಿನ ಟೈರಿನಲ್ಲಿರುವುದರ ಎರಡು ಪಟ್ಟಿಗೂ ಮಿಗಿಲು!

ಹನಕೆರೆಯ ಮಕ್ಕಳೂ ತಂದೆತಾಯಿಯರೂ ಇಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕು. ಕಬ್ಬಿನ ಹಾಲಿನಲ್ಲಿ ಲೀಟರಿಗೆ 150 ಗ್ರಾಮಿನಷ್ಟು ಸಕ್ಕರೆ ಇರುತ್ತದೆ, ಷಾಂಪೇನಿಗೆ ಹಾಕುವುದರ ಆರು ಪಟ್ಟು. ಅದನ್ನು ಶೀಷೆಗೆ ತುಂಬಿ ಬಿರಡೆ ಬಿಗಿದಿಟ್ಟರೆ ಕಣ್ಣಿಗೇ ಅಪಾಯ. ನೋಡುವ ಆಸೆಯಿದ್ದರೆ ಬಿರಡೆಯ ಬದಲು ಶೀಷೆಯ ಬಾಯಿಗೆ ಒಂದು ಬಲೂನು ಸಿಕ್ಕಿಸಿ ಇಡಿ. ಮಾರನೆಯ ದಿನದ ಹೊತ್ತಿಗೆ ಅದು ಊದಿಕೊಳ್ಳತೊಡಗಿರುತ್ತದೆ.