ಅಜ್ಜಿಯ ಕಿಲಾರಿಗಳು



ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳು ಇರುವುದನ್ನು ನೀವು ಕೇಳಿರುತ್ತೀರಿ. ಅವನ್ನು ಮಾರುವುದಿಲ್ಲ, ನೊಗಕ್ಕೆ ಕಟ್ಟುವುದಿಲ್ಲ. ಸತ್ತರೆ ಪೂಜೆ ಮಾಡಿ ಮಣ್ಣು ಮಾಡುತ್ತಾರೆ. ಅವನ್ನು ನೋಡಿಕೊಳ್ಳುವುದಕ್ಕೆಂದೇ ಕಿಲಾರಿ ಇರುತ್ತಾನೆ. ಮಳೆ ಬರಲಿ, ಬರ ಬರಲಿ, ಎತ್ತು ಎಲ್ಲಿಗೋ ಕಿಲಾರಿ ಅಲ್ಲಿಗೆ. ದೇವರ ಎತ್ತಿಗೆ ಹೀಗೆ ಒಂದು ಏರ್ಪಾಡು ಇದೆ. ಆದರೆ ಒಂಟಿ ಮುದುಕಿಯ ಮನೆಯ ನಾಯಿಗೆ, ಮೇಕೆಗೆ ಯಾರು ಕಿಲಾರಿ? ಹೋದ ವರ್ಷ ಈ ಪ್ರಶ್ನೆ ನಮ್ಮ ಬೀದಿಗೇ ಬಂತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬೀದಿಯ ಕೊನೇ ಮನೆ ಅಜ್ಜಿಯನ್ನು ನೀವೆಲ್ಲ ನೋಡಿದ್ದೀರಿ. ಹೆಸರು ಬರೆಯಲಾ ಅಂತ ಕೇಳಿದ್ದಕ್ಕೆ, "ಗ್ವಾಡೆ ಮ್ಯಾಲೆ ನನ್ ಹೆಸ್ರು ಯಾಕವ್ವ? ಬೇಕಾದ್ರೆ ಕರಿಯಂದು ಬರ್ಕಳಿ" ಅಂದಳು. ಕರಿಯ ಅಂದರೆ ಅವಳ ನಾಯಿ. ಜೊತೆಗೆ ಒಂದು ಮೇಕೆ, ಆಗ ಅದಕ್ಕೊಂದು ಮರಿ ಇತ್ತು. ಮಗ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾನೆ.

ಅಜ್ಜಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮೊದಲು ಬಲಗಣ್ಣಿಗೆ ಆಪರೇಷನ್ ಮಾಡಬೇಕು ಅಂತ ಕ್ಯಾಂಪಿನಲ್ಲಿ ಡಾಕ್ಟರು ಚೀಟಿ ಬರೆದುಕೊಟ್ಟರು. ಆಪರೇಷನ್ ಆದ ಮೇಲೆ ಕಣ್ಣಿಗೆ ನೀರು ತಾಗಬಾರದು, ಧೂಳು ಬೀಳಬಾರದು, ಒಲೆ ಹೊಗೆ ಕೂಡದು, ಬಗ್ಗಿ ಭಾರ ಎತ್ತಬಾರದು, ದಿನವೂ ಹನಿ ಔಷಧಿ ಬಿಡಬೇಕು. ಇದೆಲ್ಲ ಒಂದು ತಿಂಗಳ ಪಥ್ಯ. ಅಜ್ಜಿಯ ದಿನ ಹೇಗೆ ನಡೆಯುತ್ತದೆ ನೋಡಿ. ಬೆಳಿಗ್ಗೆ ಎದ್ದು ಮೇಕೆ ಹಿಕ್ಕೆ ಗುಡಿಸಬೇಕು, ಅದೇ ಧೂಳು. ಹಾಲು ಕರೆಯಬೇಕು, ಅದೇ ಬಗ್ಗುವುದು. ಸೊಪ್ಪಿನ ಹೊರೆ ತರಬೇಕು, ಅದೇ ಭಾರ. ಡಾಕ್ಟರು ಬೇಡ ಅಂದ ಕೆಲಸಗಳೇ ಅವಳ ಕೆಲಸಗಳು.

ಮಗ ಬಂದವನು, "ಮ್ಯಾಕೆ ಮಾರಿಬಿಡು, ನಾಯಿ ಹೆಂಗೋ ಬದುಕ್ಕಂತೈತೆ, ನೀನು ನಮ್ ಜೊತೆ ಬಾ" ಅಂದ. ಅವನದೂ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಒಂದೇ ರೂಮಿನಲ್ಲಿ ನಾಲ್ಕು ಜನ ಇರುವಾಗ ಮೇಕೆ ಎಲ್ಲಿ ಕಟ್ಟುತ್ತಾನೆ? ಆದರೆ ಅಜ್ಜಿ ಆವತ್ತು ಊಟ ಮಾಡಲಿಲ್ಲ. ಚೀಟಿಯನ್ನು ಮಡಚಿ ಸೂರಿನ ಸಂದಿಗೆ ಸಿಗಿಸಿಬಿಟ್ಟಳು. ನಮ್ಮವ್ವ ಬುದ್ಧಿ ಹೇಳಲು ಹೋದರೆ, "ಕಣ್ಣು ಕಾಣ್ದಿದ್ರೂ ಕರಿಯ ಬಂದದ್ದು ಸದ್ದಿಗೇ ಗೊತ್ತಾಗ್ತೈತೆ. ಕಣ್ಣು ಬಂದು ಕರಿಯ ಇಲ್ದಂಗಾದ್ರೆ ಏನ್ ನೋಡ್ಲಿ?" ಅಂದಳು. ನಮ್ಮವ್ವ ಸುಮ್ಮನೆ ಎದ್ದು ಬಂದಳು.

ಆಗ ನಾವು ಮೂವರು ಗೆಳತಿಯರು ಹೋಗಿ, "ಅಜ್ಜಿ, ನಾವು ನೋಡ್ಕಂತೀವಿ, ನೀನು ಹೋಗಿ ಬಾ" ಅಂದೆವು. ಅವ್ವ ಮಾತ್ರ ನನ್ನನ್ನು ಒಳಗೆ ಕರೆದು, "ಇದು ಒಂದಿನ ಮಾಡಿ ಬಿಡೋ ಕೆಲ್ಸ ಅಲ್ಲ. ತಿಂಗ್ಳು ಮಾಡಂಗಿದ್ರೆ ಒಪ್ಕ" ಅಂತ ಎಚ್ಚರಿಕೆ ಕೊಟ್ಟಳು. ಬೆಳಿಗ್ಗೆ ಗುಡಿಸಿ ನೀರಿಡುವುದು ನನ್ನ ಪಾಲು. ಶಾಲೆ ಬಿಟ್ಟ ಮೇಲೆ ಸೊಪ್ಪು ತರುವುದು ಒಬ್ಬಳ ಪಾಲು. ಹಾಲು ಕರೆದು, ರಾತ್ರಿ ಕರಿಯನಿಗೆ ಊಟ ಹಾಕಿ ಮೇಕೆ ಒಳಗೆ ಕಟ್ಟುವುದು ಇನ್ನೊಬ್ಬಳದು.

ಅಜ್ಜಿ ಆಸ್ಪತ್ರೆಗೆ ಹೋದ ಮೊದಲ ಎರಡು ದಿನ ಕರಿಯ ಏನೂ ತಿನ್ನಲಿಲ್ಲ. ಬಸ್ಸು ನಿಲ್ಲುವ ಜಾಗದಲ್ಲೇ ಕೂತಿರುತ್ತಿದ್ದ. ಕಾಯಿಲೆ ಬಂದಿರಬೇಕು ಅಂತ ಗಾಬರಿಯಾಯಿತು. ಅಜ್ಜಿ ಹೊದೆಯುವ ಕಂಬಳಿಯನ್ನು ಜಗಲಿ ಮೇಲೆ ಹಾಸಿ ನೋಡೋಣ ಅಂತ ನನ್ನ ಗೆಳತಿ ಹೇಳಿದಳು. ಹಾಸಿದೆವು. ಅದನ್ನು ಮೂಸಿ ಮೂಸಿ ಅಲ್ಲೇ ಮಲಗಿದ. ಮೂರನೇ ದಿನ ಬೆಳಿಗ್ಗೆ ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ಅಜ್ಜಿಯ ಹಾಗೆ ಕೈಯಲ್ಲಿ ಕೊಟ್ಟರೆ ತಿಂದ. ನಾಯಿಗೆ ಮೂಗೇ ಕಣ್ಣು ಅಂತ ವಿಜ್ಞಾನದ ಮೇಷ್ಟ್ರು ಹೇಳಿದ್ದು ಆಗ ನೆನಪಾಯಿತು.

ಪಾಪ ಅಂತ ಅಕ್ಕಪಕ್ಕದವರು ಉಳಿದ ಸಾರು ತಂದು ಕರಿಯನಿಗೆ ಸುರಿಯುತ್ತಿದ್ದರು. ಮೇಷ್ಟ್ರಿಗೆ ಹೇಳಿದಾಗ ಅದು ಬೇಡ ಅಂದರು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಹಾಳು ಮಾಡುತ್ತವಂತೆ. ನಮ್ಮದು ಈರುಳ್ಳಿ ಬೆಳೆಯುವ ಸೀಮೆ, ಈರುಳ್ಳಿ ಇಲ್ಲದ ಸಾರು ಯಾರ ಮನೆಯಲ್ಲಿದೆ? ಹಾಗಾಗಿ ಮುದ್ದೆಗೆ ಮಜ್ಜಿಗೆ ಕಲಸಿ ಹಾಕಿದೆವು, ಸಿಕ್ಕ ದಿನ ಒಂದು ಬೇಯಿಸಿದ ಮೊಟ್ಟೆ. ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆಗಳನ್ನೂ ನಾಯಿ ಬೆಕ್ಕಿಗೆ ಕೊಡಬಾರದು. ಪ್ಯಾರಾಸಿಟಮಾಲ್ ತಿಂದರೆ ಬೆಕ್ಕು ಸತ್ತೇ ಹೋಗಬಹುದು. ಅಜ್ಜಿಯಂದಿರು ಪ್ರೀತಿಗೆ ತಮ್ಮ ಮಾತ್ರೆಯಲ್ಲೇ ಅರ್ಧ ಮುರಿದು ಕೊಡುತ್ತಾರೆ, ಅದಕ್ಕೇ ಇದನ್ನು ಬರೆದೆ.

ಅಜ್ಜಿ ಹಸಿರು ಬಟ್ಟೆ ಕಟ್ಟಿಕೊಂಡು ವಾಪಸು ಬಂದ ಮೇಲೆ ಸಂಕ್ರಾಂತಿ ದಿನ ಯಾರೋ ಮೇಕೆಗೆ ಒಂದು ಮೊರ ಜೋಳ ಹಾಕಿದ್ದಾರೆ. ಹಬ್ಬ ಅಂತ. ಸಂಜೆಗೆ ಅದರ ಎಡಗಡೆ ಹೊಟ್ಟೆ ತಮಟೆ ಹಾಗೆ ಉಬ್ಬಿತು. ಹಲ್ಲು ಕಡಿಯುತ್ತಾ ಕಾಲು ಝಾಡಿಸುತ್ತಿತ್ತು. ಮರಿ ಕೆಚ್ಚಲಿಗೆ ಬಂದರೂ ಒದೆಯುತ್ತಿತ್ತು. ಅಜ್ಜಿ ಪಥ್ಯ ಮರೆತು ಕೆಳಗೆ ಕೂತು ಅಳಲು ಶುರು ಮಾಡಿದಳು. ಅಳುವುದೂ ಕಣ್ಣಿಗೆ ಆಗಬಾರದು! ನಾನು ನಮ್ಮ ಮನೆಯ ಫೋನಿನಿಂದ 1962ಕ್ಕೆ ಮಾಡಿದೆ. ಇದು ಪಶು ಸಹಾಯವಾಣಿ. 2022ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ ಸಂಚಾರಿ ಪಶು ಆಸ್ಪತ್ರೆಯ ಗಾಡಿಗಳು ಈ ನಂಬರಿಗೆ ಮಾಡಿದರೆ ಬರುತ್ತವೆ. ಕತ್ತಲಾಗುವುದರೊಳಗೆ ಗಾಡಿ ಬಂತು. ಡಾಕ್ಟರು ಔಷಧಿ ಕುಡಿಸಿ, ಇಂಜೆಕ್ಷನ್ ಹಾಕಿ, ಹೊಟ್ಟೆ ನೀವಿ ಗಾಳಿ ಹೋಗುವ ಹಾಗೆ ಮಾಡಿದರು. ಮೇಕೆ ಹೊಟ್ಟೆಯಲ್ಲಿ ಕಾಳು ಹೆಚ್ಚಾದರೆ ಹುಳಿಯಾಗಿ ಅನಿಲ ತುಂಬಿಕೊಳ್ಳುತ್ತದೆ, ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದರು. ರಾತ್ರಿ ಅದು ಮೆಲುಕು ಹಾಕುವುದನ್ನು ನೋಡಿಯೇ ನಾವು ಮನೆಗೆ ಹೋದದ್ದು.

ಅಜ್ಜಿಗೆ ಅಕ್ಷರ ಬರುವುದಿಲ್ಲ. ಆದರೆ ನೋಟು ಎಣಿಸಿ ಎಣಿಸಿ ಅಂಕಿ ಬರುತ್ತವೆ. ಮರುದಿನ ಬಾಗಿಲ ಹಿಂದೆ ಸುಣ್ಣದಲ್ಲಿ 1962 ಅಂತ ದೊಡ್ಡದಾಗಿ ಬರೆದೆವು. ಅಜ್ಜಿ ಜಗಲಿ ಮೇಲೆ ಕೂತೇ, "ಒಂದು, ಒಂಬತ್ತು, ಆರು, ಎರಡು" ಅಂತ ಓದಿಬಿಟ್ಟಳು. ಓದಿದ ಮೇಲೆ ಅವಳಿಗೇ ಆಶ್ಚರ್ಯ. ಮೊದಲು ಅಷ್ಟು ದೂರದಿಂದ ಬಾಗಿಲೇ ಮಸುಕಾಗಿ ಕಾಣುತ್ತಿತ್ತಂತೆ.

ಇನ್ನೊಂದೆರಡು ಸಣ್ಣ ಉಪಾಯಗಳಿವೆ. ಕರಿಯ ಹೊಸ್ತಿಲ ಹತ್ತಿರವೇ ಮಲಗುತ್ತಾನೆ. ಕತ್ತಲ ಮನೆ, ಕಪ್ಪು ನಾಯಿ, ಮಂಜುಗಣ್ಣು. ಅಜ್ಜಿ ಎರಡು ಸಲ ಎಡವಿದ್ದಳು. ಕೊರಳಿಗೆ ಮೇಕೆಮರಿಯ ಗೆಜ್ಜೆ ಕಟ್ಟಿದೆವು, ಈಗ ಎಲ್ಲಿದ್ದಾನೆ ಅಂತ ಗೊತ್ತಾಗುತ್ತದೆ. ಅವನ ತಟ್ಟೆಯನ್ನು ಜಗಲಿ ಕಲ್ಲಿನ ಮೇಲಿಟ್ಟೆವು, ಬಗ್ಗುವುದು ತಪ್ಪಿತು. ಮೇಕೆ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡ ಅಂತ ಮಾತ್ರ ಎಷ್ಟು ಹೇಳಿದರೂ ಅಜ್ಜಿ ಕೇಳುವುದಿಲ್ಲ.

ಈ ವರ್ಷ ಸೆಪ್ಟೆಂಬರ್ 28ರಂದು ಕರಿಯನಿಗೆ ರೇಬೀಸ್ ಲಸಿಕೆ ಹಾಕಿಸಿದೆವು. ಅವನಿಗೆ ಅದೇ ಮೊದಲನೆಯದು. ಇಷ್ಟು ವರ್ಷ ಯಾಕೆ ಹಾಕಿಸಿಲ್ಲ ಅಂದರೆ, ಬಸ್ಸಿಗೆ ನಾಯಿ ಹತ್ತಿಸುವುದಿಲ್ಲ, ಅಜ್ಜಿ ಅಷ್ಟು ದೂರ ನಡೆಯಲಾರಳು. ಮುದುಕರ ಮನೆ ನಾಯಿಗಳು ಹೀಗೇ ಉಳಿದುಹೋಗುತ್ತವೆ. ನಾವು ಹಗ್ಗ ಕಟ್ಟಿ ನಡೆಸಿಕೊಂಡೇ ಪಶು ಆಸ್ಪತ್ರೆಗೆ ಹೋದೆವು. "ನನ್ ಕರಿಯಂಗೇನ್ ಹುಚ್ಚಾ?" ಅಂತ ಅಜ್ಜಿಗೆ ಸಿಟ್ಟು. ಹುಚ್ಚು ಬರದಿರಲಿ ಅಂತಲೇ ಲಸಿಕೆ, ಬಂದ ಮೇಲೆ ಔಷಧಿಯೇ ಇಲ್ಲ ಅಂತ ಬಿಡಿಸಿ ಹೇಳಬೇಕಾಯಿತು. 1885ರಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ಗೆ ಈ ಲಸಿಕೆ ಕೊಟ್ಟು ಉಳಿಸಿದರು. ಸೆಪ್ಟೆಂಬರ್ 28 ಪಾಶ್ಚರ್ ತೀರಿಕೊಂಡ ದಿನ, ಅದಕ್ಕೇ ಅದು ವಿಶ್ವ ರೇಬೀಸ್ ದಿನ. ನಾಯಿಗೆ ಪ್ರತಿ ವರ್ಷ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು. ಸುಣ್ಣ, ಖಾರದಪುಡಿ ಹಚ್ಚಬಾರದು. ಕರಿಯನ ಲಸಿಕೆ ಚೀಟಿ ಈಗ ಅಜ್ಜಿಯ ರೇಷನ್ ಕಾರ್ಡಿನ ಜೊತೆ ಇದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಬರುವ ತಿಂಗಳು ಅಜ್ಜಿಯ ಎಡಗಣ್ಣಿಗೆ ಆಪರೇಷನ್. ನಮಗೆ ಮೂವರಿಗೂ ಈ ಸಲ ಎಸ್ಸೆಸ್ಸೆಲ್ಸಿ, ಬೆಳಿಗ್ಗೆ ಸಂಜೆ ಸ್ಪೆಷಲ್ ಕ್ಲಾಸು. ರಾತ್ರಿ ಪಾಳಿ ನಾವು ನೋಡಿಕೊಳ್ಳುತ್ತೇವೆ, ಉಳಿದದ್ದಕ್ಕೆ ಎಂಟನೇ, ಒಂಬತ್ತನೇ ತರಗತಿಯವರು ಬೇಕು. ಗುಡಿ ಹಿಂದಿನ ಅಜ್ಜನಿಗೂ ಮಂಡಿ ನೋವು, ಅವನ ಎಮ್ಮೆಗೆ ನೀರು ಸೇದಿ ಕೊಡುವವರಿಲ್ಲ. ಕೆರೆ ದಾರಿಯ ಅಜ್ಜಿಯ ಬೆಕ್ಕು ಮೊನ್ನೆಯಿಂದ ಕುಂಟುತ್ತಿದೆ. ಈ ಪತ್ರಿಕೆಯ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇವೆ. ಶನಿವಾರದೊಳಗೆ ನಿಮ್ಮ ಹೆಸರು, ಯಾವ ಮನೆ, ಯಾವ ಹೊತ್ತು ಅಂತ ಬರೆಯಿರಿ. ಎಮ್ಮೆ ಅಂದರೆ ಹೆದರುವವರು ಬೆಕ್ಕಿನ ಮನೆ ತಗೊಳ್ಳಬಹುದು. ಆದರೆ ಆ ಬೆಕ್ಕು ಪರಚುತ್ತದೆ, ಮೊದಲೇ ಹೇಳಿದ್ದೇನೆ.